ನೆತ್ತಿತೊಲೆಯ ಕೆಂಪು ಗಂಟು

ಕಿಮ್ ಸ್ವೀ ಕಟ್ಟಿಸಿದ ಬಂಗಲೆಗಳಲ್ಲಿ ಬಾಗಿಲು ಕಿರುಗುಟ್ಟಿದ್ದನ್ನು ಪೆನಾಂಗಿನಲ್ಲಿ ಯಾರೂ ಕೇಳಿಲ್ಲ. ಬಡಗಿ ಬಾಗಿಲು ಕೂರಿಸಿ ಹೋದ ಮೇಲೆ ಇವನು ಹತ್ತು ಸಲ ತೆರೆದು ಮುಚ್ಚಿ, ಮತ್ತೆ ಅಳೆದು, ಮರವನ್ನು ಮೂಸಿ ನೋಡುತ್ತಿದ್ದ. ಬೆಳ್ಳಗಿರುವುದೆಲ್ಲ ಹಾಲಲ್ಲ ಎಂಬುದು ನಮಗೆಲ್ಲ ಗಾದೆ. ಇವನಿಗೆ ಅದೇ ದಿನಚರಿ. ಗಾಡಿಯಲ್ಲಿ ಬಂದ ಚೆಂಗಾಲ್ ಮರವನ್ನು ಉಗುರಿನಿಂದ ಕೆರೆದು ನೋಡದೆ ಕೆಳಗಿಳಿಸಲು ಬಿಟ್ಟವನಲ್ಲ.

ಅವನು ಲಂಡನ್ನಿಗೆ ಹೋಗಿ ಕಲಿತು ಬಂದವನೂ ಅಲ್ಲ. ಹದಿನಾಲ್ಕು ವರ್ಷ ಒಬ್ಬ ಬಿಳಿಯ ಎಂಜಿನಿಯರನ ಕೈಕೆಳಗೆ ನಕ್ಷೆಗಳ ಮೇಲೆ ತೆಳು ಕಾಗದ ಹಾಸಿ ಗೆರೆ ತಿದ್ದಿದ, ಕೊನೆಗೆ ಸ್ವಂತ ಬೋರ್ಡು ಹಾಕಿಕೊಂಡ. ಇಟ್ಟಿಗೆ ಕಂಬಗಳ ಮೇಲೆ ಎತ್ತಿ ನಿಲ್ಲಿಸಿದ ನೆಲ, ಸುತ್ತಲೂ ಅಗಲವಾದ ಜಗಲಿ, ಗಾಳಿಯಾಡುವ ಎತ್ತರದ ಮಾಡು. ಹೀಗೆ ಇಪ್ಪತ್ತೇಳು ಬಂಗಲೆಗಳು ಎದ್ದವು. ತಾನಿದ್ದದ್ದು ಮಾತ್ರ ಬಾಡಿಗೆ ಮನೆಗಳಲ್ಲಿ. ಆ ಬಾಡಿಗೆ ಮನೆಗಳಲ್ಲೇ ಹೆಂಡತಿ ಗೈಕ್ ನಿಯೋ ಎರಡು ಮಕ್ಕಳನ್ನು ಹೆತ್ತಳು, ಎರಡನ್ನೂ ಕಳೆದುಕೊಂಡಳು. ಒಂದು ಹನ್ನೊಂದು ದಿನ ಬದುಕಿತು, ಇನ್ನೊಂದು ಮೂರೇ ದಿನ.

ಈಗ ಹೊಟ್ಟೆಯಲ್ಲಿರುವ ಮೂರನೆಯದಕ್ಕೆ ಏಳು ತಿಂಗಳು. ಇದು ಪರರ ಮಾಡಿನ ಕೆಳಗೆ ಹುಟ್ಟಕೂಡದೆಂದು ಕಡಲ ದಾರಿಯಲ್ಲಿ ಇಪ್ಪತ್ತೆಂಟನೆಯ ಬಂಗಲೆಯನ್ನು ತನಗಾಗಿಯೇ ಎಬ್ಬಿಸುತ್ತಿದ್ದ. ಮರಗೆಲಸ ಕ್ಯಾಂಟನ್ನಿನ ಮುದುಕ ಮೋಕ್ ಮೇಸ್ತ್ರಿಯದು.

ಮುನಿದ ಬಡಗಿ ಮನೆಯ ಮಾಡಿನ ತುದಿಗೆ ಕೂರಿಸುವ ನೆತ್ತಿತೊಲೆಯ ಸಂದಿನಲ್ಲಿ ಕೇಡಿನ ವಸ್ತು ಹುದುಗಿಸಿಟ್ಟರೆ ಆ ಮನೆಯಲ್ಲಿ ತೊಟ್ಟಿಲು ತೂಗುವುದಿಲ್ಲವೆಂದು ನಮ್ಮ ಚೀನೀ ಜನಕ್ಕೆಲ್ಲ ಗೊತ್ತು. ಅದಕ್ಕೇ ತೊಲೆ ಏರಿಸಿದ ದಿನ ಮೇಸ್ತ್ರಿಗೆ ಮೊದಲ ಬಟ್ಟಲು ಬಡಿಸಿ, ಕೆಂಪು ಲಕೋಟೆಯಲ್ಲಿ ಕಾಣಿಕೆ ಕೊಡುವುದು. ಕಿಮ್ ಸ್ವೀ ಅದನ್ನೆಲ್ಲ ಮಾಡಿದ. ಮಾಡಿ ಸುಮ್ಮನಿದ್ದನೇ? ಊಟದ ನಡುವೆ ಎದ್ದು ಹೋಗಿ, ನೆಂಟರ ಎದುರಿಗೇ, ಜೋಡಿಸದೆ ಉಳಿದ ಅಡ್ಡಪಟ್ಟಿಗಳನ್ನು ಟೇಪು ಹಿಡಿದು ಅಳೆದ. ಮೋಕ್ ಬಟ್ಟಲು ಕೆಳಗಿಟ್ಟ. ಮತ್ತೆ ಎತ್ತಲಿಲ್ಲ.

ಮೂರು ದಿನ ಕಳೆದು ಮಧ್ಯಾಹ್ನ ಆಳುಗಳೆಲ್ಲ ಗಂಜಿಗೆ ಕೂತಿದ್ದಾಗ, ಮೋಕ್ ಒಬ್ಬನೇ ಏಣಿ ಹತ್ತುತ್ತಿರುವುದು ಕಿಮ್ ಸ್ವೀ ಕಣ್ಣಿಗೆ ಬಿತ್ತು. ಕಂಕುಳಲ್ಲಿ ಒಂದು ಕೆಂಪು ಗಂಟು. ಇಳಿದು ಬಂದಾಗ ಕೈ ಖಾಲಿ.

"ಏನ್ ಮೇಸ್ತ್ರಿ, ಊಟ ಬಿಟ್ಟು ಮೇಲೇನ್ ಕೆಲಸ?"

"ಒಂದು ಬೆಣೆ ಸಡಿಲ ಇತ್ತು, ಬಾಬಾ," ಎಂದ ಮುದುಕ, ಈ ದ್ವೀಪದ ಚೀನೀ ಯಜಮಾನರನ್ನು ಕರೆಯುವ ರೂಢಿಯಲ್ಲಿ.

"ನನ್ನ ನಕ್ಷೇಲಿ ಅಲ್ಲಿ ಬೆಣೇನೇ ಇಲ್ವಲ್ಲ?"

ಮುದುಕ ಕೈ ತೊಳೆಯಲು ಹೋದ. ಗಾರೆಯವನೊಬ್ಬ ಬೀಡಿ ಆರಿಸಿ ಹತ್ತಿರ ಬಂದು ಉರಿಯುವ ಬೆಂಕಿಗೆ ಎಣ್ಣೆ ಹೊಯ್ದ. "ಊಟದ ದಿನ ಅವನ ಮುಖ ನೋಡಿದ್ರಾ? ನಾನಾಗಿದ್ರೆ ಈ ಮನೇಲಿ ಬಸುರಿ ಹೆಂಗಸಿರ್ಲಿ, ಬೆಕ್ಕನ್ನೂ ಮಲಗಿಸ್ತಿರಲಿಲ್ಲಪ್ಪ."

ಕಿಮ್ ಸ್ವೀ ಏಣಿಯ ಬುಡಕ್ಕೆ ಹೋಗಿ ನಿಂತ. ಜನ್ಮದಲ್ಲಿ ಏಣಿಯ ನಾಲ್ಕನೆಯ ಮೆಟ್ಟಿಲು ದಾಟಿದವನಲ್ಲ, ತಲೆ ಸುತ್ತುತ್ತಿತ್ತು. ಒಬ್ಬ ಕೂಲಿಯವನನ್ನು ಹತ್ತಿಸಿ ಗಂಟು ಇಳಿಸಿದ. ತಾನೇ ಬಿಚ್ಚಿದ. ಹಳೆಯ ನಾಣ್ಯಗಳು, ಐದು ಬಣ್ಣದ ದಾರ, ಅದರ ನಡುವೆ ಹೆಬ್ಬೆರಳುದ್ದದ ಎರಡು ಜೊತೆ ಮಣಿಯ ಪಾದರಕ್ಷೆ.

ಒಂದು ಜೊತೆಯ ಮೇಲೆ ಹಳದಿ ಹಕ್ಕಿ, ಇನ್ನೊಂದರ ಮೇಲೆ ಮೀನು. ಆ ಹೊಲಿಗೆ ತನ್ನ ಹೆಂಡತಿಯದೆಂದು ಅವನಿಗೆ ಗೊತ್ತಿತ್ತು. ತನ್ನ ಸತ್ತ ಕೂಸುಗಳ ಜೊತೆಗೇ ಅವು ಮಣ್ಣಿಗೆ ಹೋದವೆಂದು ಇಷ್ಟು ವರ್ಷ ನಂಬಿದ್ದ.

"ಕದ್ದೆಯಾ? ಗೋರಿ ಅಗೆದೆಯಾ? ನನ್ನ ಮೂರನೇದನ್ನೂ ಕೊಲ್ಲಕ್ಕೆ ಹೊರಟೆಯಾ, ಮುದುಕ?"

ಇಪ್ಪತ್ತು ಜನ ಆಳುಗಳ ಗಂಜಿ ಬಟ್ಟಲುಗಳು ನಿಂತವು. ಮೋಕ್ ನೆಲ ನೋಡುತ್ತ ನಿಂತ.

"ಎಲ್ಲಿಂದ ಬಂತು ಇದು? ಹೇಳು!"

"ಹೇಳೋ ಹಾಗಿಲ್ಲ ಬಾಬಾ. ಮಾತು ಕೊಟ್ಟಿದೀನಿ."

"ಯಾರಿಗೆ? ದೆವ್ವಕ್ಕಾ?"

ಮುದುಕನ ಜೊತೆಯ ಬಡಗಿಗಳೇ ಒಂದೊಂದು ಹೆಜ್ಜೆ ಹಿಂದೆ ಸರಿದರು. ಮಾಟದ ಮಾತು ಒಮ್ಮೆ ಅಂಟಿದರೆ ಈ ದ್ವೀಪದಲ್ಲಿ ಯಾವನೂ ಅವನಿಗೆ ಒಂದು ಕಿಟಕಿಯನ್ನೂ ಒಪ್ಪಿಸಲಾರ. ನಲವತ್ತು ವರ್ಷದ ಉಳಿಯ ಕೆಲಸ ಗಂಜಿ ಆರುವಷ್ಟರಲ್ಲಿ ಮಣ್ಣುಪಾಲು. ಅದು ಮೋಕನಿಗೂ ಗೊತ್ತಿತ್ತು. ಆದರೂ ಬಾಯಿ ಬಿಡಲಿಲ್ಲ.

ಪೊಲೀಸರ ಬಳಿ ಹೋಗುವ ಮೊದಲು ಸಾಕ್ಷಿ ಗಟ್ಟಿ ಮಾಡಿಕೊಳ್ಳೋಣವೆಂದು ಕಿಮ್ ಸ್ವೀ ಮನೆಗೆ ಆಳು ಕಳಿಸಿದ: ಹೆಂಡತಿ ಹೊಲಿಗೆ ಇಡುವ ಪೆಟ್ಟಿಗೆಯ ಬೀಗ ಯಾರಾದರೂ ಒಡೆದಿದ್ದಾರೆಯೇ, ನೋಡಿ ಹೇಳಬೇಕು. ಉತ್ತರ ಬರಲಿಲ್ಲ. ರಿಕ್ಷಾದಲ್ಲಿ ಗೈಕ್ ನಿಯೋಳೇ ಬಂದಳು. ಹೊಟ್ಟೆ ಹಿಡಿದುಕೊಂಡು ಇಳಿದು, ಮರದ ಹೊಟ್ಟಿನ ಮೇಲೆ ನಡೆದು ಎಲ್ಲರ ನಡುವೆ ನಿಂತಳು.

"ಬೀಗ ಯಾರೂ ಒಡೆದಿಲ್ಲ. ಕೊಟ್ಟವಳು ನಾನು."

"ನೀನಾ?"

"ನಾನೇ. ಮೇಸ್ತ್ರಿ ಬೇಡ ಅಂದ್ರು. ಮೂರು ಸಲ ಬೇಡ ಅಂದ್ರು, ಸತ್ತ ಕೂಸುಗಳ ವಸ್ತು ತೊಲೇಲಿ ಇಡಬಾರದು ಅಂತ. ಅವು ಇದನ್ನ ಹಾಕ್ಕೊಳ್ಳಲೇ ಇಲ್ಲ ಮೇಸ್ತ್ರಿ, ಹೊಸಾದು ಅಂತ ನಾನು ಅತ್ತುಬಿಟ್ಟೆ. ಆಮೇಲೆ ಒಪ್ಪಿದ್ರು. ಕಾವಲಿಗೆ ಅಂತ ನಾಣ್ಯ, ದಾರ ಅವರೇ ಹಾಕಿದ್ರು." ಅವಳು ಉಸಿರು ತೆಗೆದುಕೊಂಡಳು. "ಊರೋರಿಗೆಲ್ಲ ಇಪ್ಪತ್ತೇಳು ಮನೆ ಕಟ್ಟಿಕೊಟ್ರಿ. ಆ ಎರಡಕ್ಕೆ ನಮ್ಮನೆ ಅನ್ನೋದೇ ಇರಲಿಲ್ಲ. ಈ ಮಾಡಿನ ಕೆಳಗೆ ಅವಕ್ಕೂ ಜಾಗ ಇರಲಿ ಅನ್ನಿಸ್ತು."

"ನನಗ್ಯಾಕೆ ಹೇಳಲಿಲ್ಲ?"

"ಹೇಳಿದ್ರೆ ನೀವು ಅಳತೆ ತಗೋತಿದ್ರಿ."

ಯಾರೂ ನಗಲಿಲ್ಲ. ಕಿಮ್ ಸ್ವೀಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ತನ್ನ ಹೆಂಡತಿಯ ಗುಟ್ಟು ಕಾಯಲು ಈ ಮುದುಕ ತನ್ನ ಅನ್ನವನ್ನೇ ಬಿಟ್ಟುಕೊಟ್ಟು ನಿಂತಿದ್ದ. ಕಿಮ್ ಸ್ವೀ ಆಳುಗಳ ಕೆಟಲಿನಿಂದಲೇ ಚಹಾ ಬಗ್ಗಿಸಿ, ಎರಡೂ ಕೈಯಲ್ಲಿ ಬಟ್ಟಲು ಹಿಡಿದು, ಎಲ್ಲರ ಮುಂದೆ ತಲೆ ಬಾಗಿಸಿದ.

"ತಪ್ಪಾಯ್ತು, ಮೇಸ್ತ್ರಿ."

ಮೋಕ್ ಬಟ್ಟಲು ತೆಗೆದುಕೊಂಡು ಕುಡಿದ. ಹಿಂದೆ ಸರಿದಿದ್ದ ಬಡಗಿಗಳು ಒಬ್ಬೊಬ್ಬರಾಗಿ ಹತ್ತಿರ ಬಂದರು.

"ಕುಡಿದೆ. ಆದ್ರೆ ನಾನು ಹತ್ತಲ್ಲ. ಬಿಚ್ಚಿದ ಕೈಯೇ ಕಟ್ಟಿ ಇಡಬೇಕು."

"ನಾನಾ? ಅಷ್ಟು ಮೇಲಾ?"

"ಏಣಿ ನಾನು ಹಿಡಕೋತೀನಿ."

ಕಿಮ್ ಸ್ವೀ ಹತ್ತಿದ. ಅರ್ಧ ದಾರಿಯಲ್ಲಿ ನಿಂತು ಕೆಳಗೆ ಇಣುಕಿದ. ಹುಟ್ಟುಗುಣ ಸುಟ್ಟರೂ ಹೋಗುವುದಿಲ್ಲವಲ್ಲ.

"ಹಿಡಿದಿದೀನಿ ಬಾಬಾ," ಎಂದ ಮೋಕ್. "ಅನುಮಾನ ಇದ್ರೆ ಇಳಿದು ಬಂದು ನೋಡ್ಕೊಂಡು ಹೋಗಿ."

ಈಗ ಆಳುಗಳು ಹೊಟ್ಟೆ ಹಿಡಿದು ನಕ್ಕರು.

ನೆತ್ತಿತೊಲೆ ಮುಟ್ಟಿದ ಕಿಮ್ ಸ್ವೀ ಅದನ್ನು ತಬ್ಬಿ ಕೂತ. ಕಡಲ ಗಾಳಿಗೆ ಕೆಂಪು ಬಟ್ಟೆ ಹಾರುತ್ತಿತ್ತು. ಗಂಟು ಕಟ್ಟುವ ಮೊದಲು ರೂಢಿಯಂತೆ ಎಣಿಸಿದ. ಹಕ್ಕಿಯದು ಎರಡು, ಮೀನಿನದು ಎರಡು. ಹುಟ್ಟಲಿರುವುದರದು ಕಾಣಲಿಲ್ಲ.

"ಮೂರನೇ ಜೊತೆ ಎಲ್ಲಿ?" ಎಂದು ಮೇಲಿಂದಲೇ ಕೂಗಿದ.

ಗೈಕ್ ನಿಯೋ ಬಿಸಿಲಿಗೆ ಕೈ ಮರೆಮಾಡಿ ತಲೆಯೆತ್ತಿದಳು.

"ಮನೇಲಿದೆ. ಇನ್ನೂ ಹೊಲೀತಿದೀನಿ. ಅದು ಕಾಲಿಗೆ."