ಜುಟ್ಟು ಕಿತ್ತ ಕಾಯಿ

ಮಳೆಗಾಲ ಬಂದಾಗಲೆಲ್ಲ ನಮ್ಮ ಮನೆಯಲ್ಲಿ ಹೇಳುವ ಕಥೆಯ ಪ್ರಕಾರ, ಸುರಿಯುವ ಮಳೆಯಲ್ಲಿ ಕೋಟೆಯ ಗುಡ್ಡದ ಮೇಲೆ ಒಂದೇ ಕಡ್ಡಿಯಲ್ಲಿ ಬೆಂಕಿ ಹೊತ್ತಿಸಿದವರು ನಮ್ಮ ಕಾಕಾ. ಒಂದೇ ಕಡ್ಡಿ ಎನ್ನುವುದು ನಿಜ; ಬೆಂಕಿಪೊಟ್ಟಣದಲ್ಲಿ ಆಗ ಉಳಿದಿದ್ದುದೇ ಅದೊಂದು. ಮಿಕ್ಕವನ್ನೆಲ್ಲ ಅವರೂ ನಾನೂ ಸೇರಿ ಹಸಿ ಎಲೆಗಳ ಮೇಲೆ ಹಾಳು ಮಾಡಿದ್ದೆವು. ಇದನ್ನು ಎಷ್ಟು ಸಲ ತಿದ್ದಿದೆನೋ. ಈಗ ತಿದ್ದುವುದಕ್ಕೂ ಬೇಸರ.

ಹೊರಟವರು ನಾಲ್ವರು: ಕಾಕಾ, ಅವರ ಹೆಂಡತಿ ಕಾಕು, ಹತ್ತು ವರ್ಷದ ನನ್ನ ತಂಗಿ, ನಾನು. ಗುಡ್ಡದ ಮೇಲಿನ ದೇವಿಗೆ ಕಾಕು ಹರಕೆಯ ಕಾಯಿ ಒಡೆಸಬೇಕಿತ್ತು. ಪುಣೆಯ ಸದಾಶಿವ ಪೇಠದ ಅಂಗಡಿಯಲ್ಲಿ ಒಂದೊಂದನ್ನೇ ಅಲ್ಲಾಡಿಸಿ ನೋಡಿ, ಜುಟ್ಟು ತುಂಬಿದ್ದನ್ನು ಆರಿಸಿ, ಎರಡು ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿದ್ದರು. ಅರ್ಧ ದಾರಿಗೆ ಮಳೆ ಹಿಡಿಯಿತು. ಬಂಡೆಯ ಗವಿ ಹೊಕ್ಕಾಗ ತಂಗಿಯ ತುಟಿ ನೀಲಿಯಾಗಿತ್ತು, ಹಲ್ಲು ಕಟಕಟ.

ಗವಿಯಲ್ಲಿ ಯಾರೋ ಬಿಟ್ಟುಹೋದ ಕಟ್ಟಿಗೆ ಇತ್ತು. ಮೇಲೆ ಒದ್ದೆ, ಕಾಕಾ ಚಾಕುವಿನಿಂದ ಸೀಳಿದರೆ ಒಳಗೆ ಒಣಗಿತ್ತು. ಆದರೆ ಕಡ್ಡಿಯ ಉರಿಯನ್ನು ಕಟ್ಟಿಗೆಗೆ ದಾಟಿಸುವಂಥ ಒಣ ನಾರು ಎಲ್ಲೂ ಇರಲಿಲ್ಲ, ಕಾಕುವಿನ ಚೀಲವೊಂದನ್ನು ಬಿಟ್ಟು.

“ಕಾಕು, ಕಾಯಿ ಜುಟ್ಟು ಕೊಡ್ರಿ,” ಅಂದೆ.

“ಜುಟ್ಟಿಲ್ಲದ ಕಾಯಿ ದೇವಿಗೆ ನಡ್ಯೂದಿಲ್ಲವ್ವಾ.”

“ಯಾರು ಹೇಳ್ಯಾರ? ದೇವಿ ಹೇಳ್ಯಾಳೇನು?”

“ಬಂದ್ರು ನೋಡು ವಕೀಲಮ್ಮಾರು,” ಎಂದರು ಕಾಕಾ, ಚಾಕು ಒರೆಸುತ್ತ. “ನಿನ್ನ ಭಾಷಣಕ್ಕ ಕಟ್ಟಿಗಿ ಹತ್ತತಾವೇನು ನೋಡು ಮೊದ್ಲ.”

ಶಿವಾಜಿನಗರದ ಕಾಲೇಜಿನ ಚರ್ಚಾಸ್ಪರ್ಧೆಗಳಲ್ಲಿ ನಾನು ಕಲಿತದ್ದು, ಎದುರಿನವರು ಉಸಿರೆಳೆದುಕೊಳ್ಳುವ ಮೊದಲೇ ಮುಂದಿನ ಪ್ರಶ್ನೆ ಎಸೆಯುವುದು. ಎಸೆದೆ. ದೇವಿಗೆ ಚಳಿಯಾಗುತ್ತದೆಯೇ? ಜುಟ್ಟು ದೊಡ್ಡದೋ, ಕೂಸು ದೊಡ್ಡದೋ? ಇನ್ನೊಂದು ಕಾಯಿ ತಂದರೆ ಹರಕೆ ತೀರುವುದಿಲ್ಲವೇ? ನಾನಿನ್ನೂ ಮಾತಾಡುತ್ತಿರುವಾಗಲೇ ಕಾಕು ಚೀಲ ಬಿಚ್ಚಿದರು. ಕಾಯಿಯನ್ನೊಮ್ಮೆ ಹಣೆಗೆ ಒತ್ತಿಕೊಂಡು, ಜುಟ್ಟನ್ನು ಬುಡದಿಂದ ಕಿತ್ತು, ಎಳೆ ಎಳೆ ಬಿಡಿಸಿ ಗುಬ್ಬಿಗೂಡಿನಂತೆ ಹರವಿ ಕಾಕಾರ ಮುಂದಿಟ್ಟರು.

“ಹಚ್ರಿ. ಕೂಸು ನಡಗಲಿಕ್ಕತ್ತದ.”

ಹತ್ತಿತು. ತಂಗಿ ಅಂಗೈ ಕಾಸಿಕೊಂಡಳು. ನಾನು ಗೆದ್ದಿದ್ದೆ. ಕಾಕು ಬೆಂಕಿಗೆ ಬೆನ್ನು ಮಾಡಿ ಮಳೆ ನೋಡುತ್ತ ಕೂತಿದ್ದರು.

ಮಳೆ ನಿಂತ ಮೇಲೆ ಗುಡಿಗೆ ಹೋದೆವು. ಅಂಥ ದಿನ ಅಲ್ಲಿ ಕಾಯಿ ಮಾರುವವರು ಯಾರೂ ಕೂತಿರಲಿಲ್ಲ. ಕಾಕು ಬರೀ ಕೈ ಮುಗಿದರು. ಬಸ್ಸಿನಲ್ಲಿ ಆ ಬೋಳು ಕಾಯಿ ಪುಣೆಯವರೆಗೂ ಅವರ ತೊಡೆಯ ಮೇಲಿತ್ತು. ಇನ್ನೊಂದನ್ನು ಒಯ್ಯಲು ಅವರು ಮತ್ತೆ ಆ ಗುಡ್ಡ ಹತ್ತಲಿಲ್ಲ, ಮೊಣಕಾಲು ಕೇಳಲಿಲ್ಲ. ಕರೆದೊಯ್ಯುತ್ತೇನೆಂದು ನಾನೂ ಹೇಳಲಿಲ್ಲ.

ಮೊನ್ನೆ ಮಳೆಗೆ ಮತ್ತೆ ಅದೇ ಒಂದು ಕಡ್ಡಿಯ ಕಥೆ. ಹೊರಗೆ ಕಾಕಾ ಹೇಳುತ್ತಿದ್ದರು, ನಗು ಕೇಳುತ್ತಿತ್ತು. ನಾನು ತಿದ್ದದೆ ಎದ್ದು ಅಡುಗೆಮನೆಗೆ ಹೋದೆ. ಕಾಕು ಚಹಾ ಸೋಸುತ್ತಿದ್ದರು. ಗವಿಯಲ್ಲೇ ಕೇಳಬೇಕಿದ್ದುದನ್ನು ಈಗ ಕೇಳಿದೆ.

“ಕಾಕು, ಆ ಹರಕಿ ಯಾತರ ಸಲುವಾಗಿ ಇತ್ರಿ?”