ಮೂಲೆಯಲ್ಲಿದ್ದ ಹೆಸರು

ಚಿಂತಾಮಣಿಯಲ್ಲಿ ನನ್ನಷ್ಟು ದೊಡ್ಡ ಅಕ್ಷರದಲ್ಲಿ ಸುಳ್ಳು ಬರೆದವರು ಇನ್ನೊಬ್ಬರಿಲ್ಲ. ಬೋರ್ಡ್ ಬರೆಯುವುದು ನನ್ನ ಕಸುಬು. ನಾನೇ ನೀರು ಕುಡಿಯಲು ಹೆದರುವ ಹೋಟೆಲಿಗೆ 'ಶುಚಿ-ರುಚಿ' ಎಂದು ಬರೆದಿದ್ದೇನೆ. ಬಾಯಿ ತೆರೆದರೆ ಬೈಯುವ ಅಂಗಡಿಯವರಿಗೆ 'ಗ್ರಾಹಕರೇ ದೇವರು' ಎಂದು ಬರೆದಿದ್ದೇನೆ. ಸುಳ್ಳು ಅವರದು, ಅಕ್ಷರ ನನ್ನದು. ತೆಲುಗು ಬೆರೆತ ಊರಾದ್ದರಿಂದ ನನ್ನ ತಲೆಕಟ್ಟು ಸ್ವಲ್ಪ ತೆಲುಗಿನ ಕಡೆಗೇ ವಾಲುತ್ತದೆ. ಇದು ವನಜಾಕ್ಷಿಯ ಕೈ ಎಂದು ದೂರದಿಂದಲೇ ಗೊತ್ತಾಗುತ್ತದೆ.

ಈಚೆಗೆ ನಂದಿ ಬೆಟ್ಟದ ಹತ್ತಿರದ ರೆಸಾರ್ಟೊಂದರವರು ಕರೆಸಿದರು. ಶೌಚಾಲಯದ ಬಾಗಿಲುಗಳಿಗೆ 'ಮಹಿಳೆಯರು', 'ಪುರುಷರು' ಎಂದು ಬರೆಯಬೇಕಿತ್ತು. ಬಣ್ಣದ ಡಬ್ಬಿ ಹಿಡಿದು ಹಜಾರ ದಾಟುತ್ತಿದ್ದೆ. ಗೋಡೆಯ ಮೇಲೆ, ಗಾಜಿನ ಹಿಂದೆ, ನನ್ನ 'ಶುಚಿ-ರುಚಿ' ಬೋರ್ಡಿನ ಫೋಟೊ. ಕೆಳಗೆ ಯಾರದೋ ಸಹಿ. ಪಕ್ಕದ ಚೀಟಿಯಲ್ಲಿ 'ಶೀರ್ಷಿಕೆ: ಅನಾಮಿಕ. ಮೂಲ ಕಲಾಕೃತಿ' ಎಂದಿತ್ತು. ಮೈ ಉರಿದುಹೋಯಿತು.

ನ್ಯಾಯವಾಗಿಯೇ ಯೋಚಿಸೋಣ ಎಂದು ನಿಂತೆ. ಫೋಟೊ ಚೆನ್ನಾಗಿತ್ತು, ಹಾಳಾದ್ದು. ತೆಗೆದವನು ಎಳೆಬಿಸಿಲಿಗೆ ಕಾದು ತೆಗೆದಿದ್ದ. ಉದುರಿದ ಬಣ್ಣವೂ ಚಂದ ಕಾಣುತ್ತಿತ್ತು. ಬೆಟ್ಟ ಹತ್ತಿ ಸೂರ್ಯೋದಯದ ಫೋಟೊ ತೆಗೆಯುವವರು ಸೂರ್ಯನನ್ನು ಕೇಳಿ ತೆಗೆಯುತ್ತಾರೆಯೇ? ಇಲ್ಲ. ಆದರೆ ಸೂರ್ಯ ಮೂಲೆಯಲ್ಲಿ ಹೆಸರು ಬರೆದಿರುವುದಿಲ್ಲ. ನಾನು ಬರೆದಿದ್ದೆ. ನನ್ನ ಎಲ್ಲ ಬೋರ್ಡುಗಳ ಹಾಗೆ ಅದರ ಕೆಳಗಿನ ಬಲಮೂಲೆಯಲ್ಲೂ 'ವನಜಾಕ್ಷಿ, ಚಿಂತಾಮಣಿ' ಎಂದಿತ್ತು. ಫೋಟೊ ಸರಿಯಾಗಿ ಅದಕ್ಕಿಂತ ಒಂದು ಗೆರೆ ಮೇಲೆ ಮುಗಿದಿತ್ತು. ಹೆಸರಿದ್ದವಳನ್ನು ತಾನೇ ಅನಾಮಿಕ ಮಾಡಿ, ಆಮೇಲೆ ಆ ಅನಾಮಿಕತೆಯನ್ನೇ ಶೀರ್ಷಿಕೆ ಮಾಡಿ ಮೆರೆಸುವ ಉಪಾಯ ಇದು.

ವಿಚಾರಿಸಿದರೆ, ಫೋಟೊ ತೆಗೆದ ಯುವಕ ಅಲ್ಲೇ ಕಾಫಿ ಕುಡಿಯುತ್ತಿದ್ದ.

"ನನ್ ಹೆಸ್ರು ಯಾಕಪ್ಪ ಕತ್ತರಿಸ್ದೆ?" ಎಂದೆ.

"ಅದು ಡಿಸ್ಟರ್ಬ್ ಮಾಡ್ತಿತ್ತು ಆಂಟಿ."

"ಯಾರಿಗೆ?"

"ಫ್ರೇಮಿಗೆ. ಏನ್ ಇಟ್ಕೋಬೇಕು, ಏನ್ ಬಿಡ್ಬೇಕು ಅನ್ನೋದೇ ಆರ್ಟು."

ಒಪ್ಪಿದೆ. ಹಾಗಾದರೆ ಲೆಕ್ಕ ಸರಿಹೋಯಿತು. ಬಿಸಿಲು ಸೂರ್ಯನದು, ಅಕ್ಷರ ನನ್ನದು, ಸುಳ್ಳು ಹೋಟೆಲಿನದು. ಆ ಇಡೀ ಕಲಾಕೃತಿಯಲ್ಲಿ ಅವನ ಸ್ವಂತದ್ದೆಂದರೆ ನನ್ನ ಹೆಸರಿಗೆ ಹಾಕಿದ ಕತ್ತರಿ. ಇದನ್ನು ಅವನಿಗೆ ಹೇಳಿಯೂ ಹೇಳಿದೆ. ನಕ್ಕು ಕಾಫಿ ಮುಗಿಸಿದ.

ಆ ಸಿಟ್ಟಿನಲ್ಲಿ ಶೌಚಾಲಯದ ಎರಡು ಬಾಗಿಲ ಮೇಲೂ ನನ್ನ ಹೆಸರನ್ನು ದಪ್ಪಗೆ ಬರೆದುಬಂದೆ. ಪುರುಷರ ಬಾಗಿಲಿಗೆ ವನಜಾಕ್ಷಿ ಎಂದರೆ ನೋಡಿದವರು ಏನು ತಿಳಿಯಬೇಕು ಎಂಬುದು ಮನೆಗೆ ಬಂದಮೇಲೆ ಹೊಳೆಯಿತು.

ಸಿಟ್ಟು ಇನ್ನೂ ಇಳಿದಿಲ್ಲ. ಆದರೆ ಮೂಲೆಯಲ್ಲಿ ಹೆಸರು ಹಾಕುವುದನ್ನು ಬಿಟ್ಟಿದ್ದೇನೆ. ಮೊನ್ನೆ ಶಿಡ್ಲಘಟ್ಟದಲ್ಲಿ 'ಹೋಟೆಲ್' ಎಂದು ಬರೆಯುವಾಗ 'ಟೆ'ಯ ಹೊಟ್ಟೆಯೊಳಗೇ ವನಜಾಕ್ಷಿ ಎಂದು ಬರೆದೆ.

"ಏನಮ್ಮ, ಅಕ್ಷರಕ್ಕೆ ಹಚ್ಚೆ ಹಾಕ್ದಂಗೈತಲ್ಲ" ಎಂದರು ಹೋಟೆಲಿನವರು.

ಇರಲಿ ಎಂದೆ. ನನ್ನನ್ನು ಬಿಡಬೇಕೆನ್ನುವವರು ಇನ್ನು ಹೋಟೆಲನ್ನೇ ಬಿಡಬೇಕು.