ನಾಲ್ಕನೆಯ ಶೀಲ ಮತ್ತು ಒಂದು ತಟ್ಟೆ ಸುಸಲಾ

‘ವಾರಕ್ಕ ಎರಡ ಸಲ ಶೀಲ ಕಳಕೊಳ್ಳಾಕಿ ನೀನೇ ಏನವ್ವ?’

ಹೋದ ಮಂಗಳವಾರ ಬೆಳಗ್ಗೆ ಶಾಲೆಯ ಪ್ರಾರ್ಥನೆ ಮುಗಿಸಿ ಸ್ಟಾಫ್ ರೂಮಿಗೆ ಬಂದು ಫೋನೆತ್ತಿದರೆ ಕೇಳಿದ ಮೊದಲ ಮಾತು ಇದು. ಹಲೋ ಇಲ್ಲ, ಆರಾಮ ಇದ್ದೀಯಾ ಇಲ್ಲ. ಫೋನಿನ ಮೇಲೆ ಮೂಡಿದ್ದು ನನ್ನ ಗೆಳತಿ ನೀಲಾಳ ಹೆಸರು. ಒಳಗಿನ ದನಿ ಮಾತ್ರ ಅವಳ ಅತ್ತೆ ದ್ಯಾವಮ್ಮನದು. ಆ ದನಿಗೆ ಸ್ಪೀಕರ್ ಬೇಕಿಲ್ಲ. ಪಕ್ಕದಲ್ಲಿ ಗಣಿತದ ಮೇಷ್ಟ್ರು ಚಹಾ ಕುಡಿಯುತ್ತಿದ್ದರು. (ಕುಡಿಯುವುದನ್ನು ನಿಲ್ಲಿಸಿದರು.)

ನೀವೂ ಕಪ್ಪು ಕೆಳಗಿಡುವ ಮೊದಲು ಹಿಂದಿನದನ್ನೆಲ್ಲ ಹೇಳಿಬಿಡುತ್ತೇನೆ.

ನಾನು ಶಹಾಪುರದವಳು, ನೀಲಾ ರಾಮಸಮುದ್ರದವಳು. ಯಾದಗಿರಿಯ ಹಾಸ್ಟೆಲಿನಲ್ಲಿ ನಮ್ಮಿಬ್ಬರದು ಒಂದೇ ಕೋಣೆ. ನಮ್ಮದು ಬೌದ್ಧರ ಮನೆ. ಬೆಳಗ್ಗೆ ಎದ್ದು ನಾನು ಪಂಚಶೀಲ ಹೇಳುತ್ತಿದ್ದೆ, ಅವಳು ವಿಭೂತಿ ಹಚ್ಚಿಕೊಂಡು ಮಲ್ಲಯ್ಯನಿಗೆ ಕೈ ಮುಗಿಯುತ್ತಿದ್ದಳು. ಆಮೇಲೆ ಇಬ್ಬರೂ ಒಂದೇ ಬಕೆಟ್ ನೀರಿಗಾಗಿ ಜಗಳಾಡುತ್ತಿದ್ದೆವು. ಕೇಳಿ ಕೇಳಿ ಅವಳಿಗೆ ಐದೂ ಶೀಲ ಬಾಯಿಪಾಠವಾಗಿದ್ದವು. ಕೊಲ್ಲುವುದಿಲ್ಲ, ಕದಿಯುವುದಿಲ್ಲ, ಅಡ್ಡದಾರಿ ಹಿಡಿಯುವುದಿಲ್ಲ, ಸುಳ್ಳು ಹೇಳುವುದಿಲ್ಲ, ಅಮಲೇರಿಸಿಕೊಳ್ಳುವುದಿಲ್ಲ. ಇವು ದೇವರ ಕಟ್ಟಳೆಗಳಲ್ಲ. ನಮಗೆ ನಾವೇ ಕೊಟ್ಟುಕೊಂಡ ಮಾತು. ಮುರಿದರೆ? ಮತ್ತೆ ತೆಗೆದುಕೊಳ್ಳಬೇಕು. ಅಷ್ಟೇ. ನಾನು ಹೆಚ್ಚಾಗಿ ಮುರಿಯುವುದು ನಾಲ್ಕನೆಯದನ್ನು. (ಟೀಚರ್ ಕೆಲಸ. ‘ತುಂಬಾ ಚೆನ್ನಾಗಿ ಓದ್ತಾನೆ ನಿಮ್ಮ ಮಗ’ ಎಂದು ಎಷ್ಟು ಮಂದಿಗೆ ಹೇಳಬೇಕಾಗುತ್ತದೆ!)

ಮದುವೆಯಾಗಿ ನೀಲಾ ಕಕ್ಕೇರಾಕ್ಕೆ ಹೋದಳು. ಈಗ ನಮ್ಮ ಗೆಳೆತನವೆಲ್ಲ ವಾಯ್ಸ್ ಮೆಸೇಜಿನಲ್ಲಿ. ಆಗೀಗ ಸುರಪುರದಲ್ಲಿ ಭೇಟಿ, ಮಿರ್ಚಿ, ಎರಡು ಕಪ್ ಚಹಾ, ಕೊನೆಯ ಬಸ್ಸು ತಪ್ಪೀತೆಂಬ ಗಡಿಬಿಡಿ. ಧರ್ಮದ ಬುದ್ಧಿವಾದವೂ ಎರಡೂ ಕಡೆಯಿಂದ ನಡೆಯುತ್ತದೆ. ನಮ್ಮಪ್ಪನಿಗೆ ಆಪರೇಶನ್ ಆದಾಗ ಅವಳು ಮಲ್ಲಯ್ಯನ ಗುಡಿಯ ಅರಿಸಿನದ ಭಂಡಾರವನ್ನು ಪೊಟ್ಟಣ ಕಟ್ಟಿ ಕಳಿಸಿದ್ದಳು. ಅಪ್ಪ ಜೀವನವಿಡೀ ಇಂಥದ್ದನ್ನೆಲ್ಲ ಬೇಡವೆಂದು ಭಾಷಣ ಮಾಡಿದವರು. ಪೊಟ್ಟಣವನ್ನು ತಿರುಗಿಸಿ ನೋಡಿ, ‘ಹುಡುಗಿ ಪ್ರೀತೀಲೆ ಕಳಸ್ಯಾಳ’ ಎಂದು ಅಂಗಿಯ ಜೇಬಿಗೆ ಹಾಕಿಕೊಂಡರು.

ಈಗ ನೀಲಾ ಬಸುರಿ. ಮದುವೆಯಾಗಿ ನಾಲ್ಕು ವರ್ಷ ಕಾದ ಮೇಲೆ ನಿಂತ ಬಸಿರು. ಸಂತೋಷ ಹೇಳಬೇಕೇ? ಆದರೆ ಅದರ ಹಿಂದೊಂದು ಹರಕೆ ಇತ್ತು. ‘ನನ್ನ ಸೊಸಿ ಹೊಟ್ಟೀಲೆ ಆದ್ರ ಶ್ರಾವಣದ ಸೋಮವಾರ ನೀರು ಬಿಟ್ಟು ಏನೂ ಮುಟ್ಟಂಗಿಲ್ಲ, ದೀಪ ಹಚ್ಚಿದ ಮ್ಯಾಲೇ ಉಣ್ತಾಳ’ ಎಂದು ದ್ಯಾವಮ್ಮ ಮಲ್ಲಯ್ಯನಿಗೆ ಮಾತು ಕೊಟ್ಟಿದ್ದರು. ಗಮನಿಸಿದಿರಾ? ಮಾತು ಕೊಟ್ಟವರು ಅತ್ತೆ, ಹಸಿಯಬೇಕಾದವಳು ಸೊಸೆ. ನಮ್ಮ ಕಡೆ ಇದು ಹೊಸದಲ್ಲ. ಯಾರದೋ ಬಾಯಿ, ಇನ್ಯಾರದೋ ಹೊಟ್ಟೆ.

ಶ್ರಾವಣದ ಮೊದಲ ಸೋಮವಾರ ಮಧ್ಯಾಹ್ನಕ್ಕೇ ನೀಲಾಳಿಗೆ ಕಣ್ಣು ಕತ್ತಲೆ ಬಂತು. ಅತ್ತೆ ಹೊಲಕ್ಕೆ ಹೋಗಿದ್ದರು. ಇವಳು ಮಂಡಕ್ಕಿ ನೆನೆಸಿ, ಒಗ್ಗರಣೆ ಹಾಕಿ ಒಂದು ತಟ್ಟೆ ಸುಸಲಾ ಮಾಡಿಕೊಂಡು, ತಟ್ಟೆಯ ಸದ್ದು ಕೂಡ ಯಾರಿಗೂ ಕೇಳಬಾರದೆಂದು ಮೇವಿನ ಕೋಣೆಯಲ್ಲಿ ಕುಳಿತು ತಿಂದಳು. ಸಂಜೆ ಅತ್ತೆ ‘ಉಪಾಸ ಅದಿಯಲ್ಲವ್ವ?’ ಎಂದಾಗ ‘ಹೌದ್ರಿ’ ಎಂದಳು.

ಮರುದಿನ ಬೆಳಗ್ಗೆ ನನಗೆ ಅಳುತ್ತಾ ಮೆಸೇಜು. ‘ಹರಕಿ ಮುರಿದೀನಿ, ಮ್ಯಾಲ ಸುಳ್ಳೂ ಹೇಳೀನಿ. ನನ್ನ ಕೂಸಿಗೇನರ ಆದ್ರ? ಉಳದವ್ರನ್ನ ಕೇಳಿದ್ರ ಅಂಜಸ್ತಾರಲೇ. ನಿಮ್ಮ ಕಡಿ ಸಿಟ್ಟಾಗೋ ದೇವ್ರಿಲ್ಲಲ್ಲ, ಅದಕ್ಕ ನಿನ್ನ ಕೇಳಾಕತ್ತೀನಿ.’

ನನಗೆ ನಗು ಬಂತು, ಅಳುವೂ ಬಂತು. ಶಾಲೆಯ ದಾರಿಯಲ್ಲಿ ಸ್ಕೂಟಿ ನಿಲ್ಲಿಸಿ ವಾಯ್ಸ್ ಮೆಸೇಜಿನಲ್ಲೇ ಉತ್ತರಿಸಿದೆ: ‘ಲೇ, ಅಳಬ್ಯಾಡ. ನಾಕನೇ ಶೀಲ ಮುರಿದದ, ಅಷ್ಟ. ಮುರಿದ್ರ ಮತ್ತ ತಗೊಂಡ್ರಾತು. ನಂದೂ ವಾರಕ್ಕ ಎರಡ ಸಲ ಮುರೀತದ. ನಿಮ್ಮತ್ತಿ ಮುಂದ ಮಾತ್ರ ಹೇಳಬ್ಯಾಡ.’

ಆ ಹೊತ್ತಿಗೆ ನೀಲಾ ರೊಟ್ಟಿ ಬಡಿಯುತ್ತಿದ್ದಳು. ಎರಡೂ ಕೈ ಹಿಟ್ಟು. ಫೋನು ಕಿಣ್ ಎಂದಿತು. ಪಕ್ಕದಲ್ಲಿದ್ದ ದ್ಯಾವಮ್ಮ ಸೊಸೆಗೆ ಸಹಾಯ ಮಾಡೋಣವೆಂದು ಒತ್ತಿದರು. ವಾಲ್ಯೂಮು ಫುಲ್.

ಯೋಚಿಸಿ ನೋಡಿ. ನಮ್ಮ ಮನೆಯಲ್ಲಿ ಶೀಲ ಐದು. ಊರಿನಲ್ಲಿ ಶೀಲ ಒಂದೇ, ಅದೂ ಹೆಂಗಸರಿಗೆ ಮಾತ್ರ, ಹೋದರೆ ಹೋಯಿತು. ಅಂಥದ್ದರಲ್ಲಿ ನಾಲ್ಕನೆಯ ಶೀಲವಂತೆ! ಮತ್ತೆ ತೆಗೆದುಕೊಳ್ಳಬಹುದಂತೆ! ಅತ್ತೆಗೆ ಹೇಳಬಾರದಂತೆ! ಆ ತಾಯಿ ತಕ್ಷಣ ನನಗೆ ಫೋನು ಮಾಡದೆ ಇನ್ನೇನು ಮಾಡಬೇಕಿತ್ತು?

ಸ್ಟಾಫ್ ರೂಮಿನಿಂದ ಹೊರಗೋಡಿ ಬೇವಿನ ಮರದ ಕೆಳಗೆ ನಿಂತು ಐದೂ ಶೀಲ ವಿವರಿಸಿದೆ. ಅವರು ತಾಳ್ಮೆಯಿಂದ ಕೇಳಿದರು. ‘ಎಲ್ಲಾ ಚಲೋ ಅವ ಬಿಡವ್ವ’ ಎಂದರು. ಸದ್ಯ, ಬದುಕಿದೆ ಎಂದುಕೊಂಡೆ. ಆಗ ಬಂತು ನೋಡಿ ಪ್ರಶ್ನೆ: ‘ನಾಕನೇದು ಸುಳ್ಳು ಹೇಳಬಾರದು ಅಂತಂದ್ರ, ನನ್ನ ಸೊಸಿ ಏನು ಸುಳ್ಳು ಹೇಳ್ಯಾಳ?’

ಏನೆನ್ನಲಿ? ನಿಜ ಹೇಳಿದರೆ ನನ್ನನ್ನೇ ನಂಬಿ ಅತ್ತವಳನ್ನು ನಾನೇ ಹಿಡಿದುಕೊಟ್ಟಂತೆ. ಸುಳ್ಳು ಹೇಳೋಣವೆಂದರೆ ನಾಲ್ಕನೆಯದನ್ನು ಈಗಷ್ಟೇ ವಿವರಿಸಿ ಮುಗಿಸಿದ್ದೇನೆ. ಸುಮ್ಮನಿದ್ದರೆ ನಾಳೆಯಿಂದ ಆ ಮನೆಯಲ್ಲಿ ಅವಳ ಪ್ರತಿ ಮಾತಿಗೂ ಅನುಮಾನ. ಮಕ್ಕಳಿಗೆ ಪ್ರಶ್ನೆ ಕೇಳುತ್ತಲೇ ಬದುಕುವ ನಾನು ಗಂಟೆ ಹೊಡೆದರೆ ಸಾಕೆನ್ನುವ ಹುಡುಗಿಯಂತೆ ಶಾಲೆಯ ಗಂಟೆಯತ್ತ ನೋಡಿದೆ.

ಅಷ್ಟರಲ್ಲಿ ಆ ಕಡೆಯಿಂದ ನೀಲಾಳ ದನಿ. ‘ಅತ್ತಿ, ನಿನ್ನಿ ನಾ ಸುಸಲಾ ತಿಂದೀನ್ರಿ. ಮೇವಿನ ಖೋಲ್ಯಾಗ ಕುಂತು, ಒಂದು ತಾಟು ತುಂಬ. ತಡಕೊಳ್ಳಾಕ ಆಗ್ಲಿಲ್ರಿ.’ ಆಮೇಲೆ ಬಿಕ್ಕುತ್ತಾ, ‘ಕೂಸಿಗೇನರ ಆಗ್ತದೇನ್ರಿ?’

 ನಾನು ಫೋನನ್ನು ಕಿವಿಗೆ ಒತ್ತಿ ಹಿಡಿದೆ. 

‘ಮೊದಲ ಆ ರೊಟ್ಟಿ ತಿರುವು, ಸೀಯಾಕತ್ತದ’ ಎಂದರು ದ್ಯಾವಮ್ಮ. ಆಮೇಲೆ ದನಿ ಸಣ್ಣದಾಯಿತು. ‘ಹೊಟ್ಟ್ಯಾಗ ಕೂಸು ಇಟ್ಕೊಂಡು ಕಳ್ಳಿಗತೆ ಮೇವಿನ ಖೋಲ್ಯಾಗ ಕುಂತು ತಿಂದೇನವ್ವ? ಮಲ್ಲಯ್ಯಗ ಮಾತು ಕೊಟ್ಟಾಕಿ ನಾನು. ಬಾಯಿ ನಂದು, ಹೊಟ್ಟಿ ನಿಂದು ಮಾಡಿದ್ದು ನಂದೇ ತಪ್ಪು. ಉಳದ ಸೋಮವಾರ ನಾ ಹಿಡಿತೀನಿ. ನೀ ಉಣ್ಣು.’

ಫೋನು ಇಡುವುದನ್ನು ಇಬ್ಬರೂ ಮರೆತಿದ್ದರು. ನಾನೂ ಇಡಲಿಲ್ಲ. ಅಲ್ಲಿ ಅತ್ತೆ ಸೊಸೆ ಇಬ್ಬರೂ ಅಳುತ್ತಿದ್ದರು, ಇಲ್ಲಿ ಬೇವಿನ ಮರದ ಕೆಳಗೆ ನಾನು. ಏಳನೇ ತರಗತಿಯ ಮಕ್ಕಳು ಕಿಟಕಿಯಲ್ಲಿ ಸಾಲಾಗಿ ನಿಂತು ನೋಡುತ್ತಿದ್ದರು. ನೋಡಲಿ ಬಿಡಿ. ನನ್ನ ಗೆಳತಿಗೆ ಸಿಕ್ಕ ಅತ್ತೆ ಇಂಥವರು ಎಂದು ಆ ಕ್ಷಣ ನನಗೆ ಎಷ್ಟು ಸಮಾಧಾನವಾಯಿತೆಂದರೆ, ತರಗತಿಗೆ ತಡವಾಗಿ ಹೋಗಿ ಹೆಡ್‌ಮಾಸ್ಟರಿಂದ ಬೈಸಿಕೊಂಡದ್ದೂ ಹಿತವೆನಿಸಿತು.

ಈ ಸೋಮವಾರ ಮಧ್ಯಾಹ್ನ ನೀಲಾಳ ಮೆಸೇಜು ಬಂತು. ಹಿಂದುಗಡೆ ಯಾರೋ ಪಿಸುಗುಟ್ಟುವುದು ಸ್ಪಷ್ಟವಾಗಿ ಕೇಳುತ್ತಿತ್ತು. ‘ಅತ್ತಿ ಉಪಾಸ ಹಿಡದಾರ. ತಲಿ ಸುತ್ತಿ ಕಟ್ಟಿ ಮ್ಯಾಲ ಕುಂತಾರ. ನಾ ಹೇಳಿದ್ರ ಕೇಳವಲ್ರು. ನಿನ್ನ ಗೆಳತಿನ್ನ ಕೇಳು, ಒಂದು ಬಾಳಿಹಣ್ಣು ತಿಂದ್ರ ನಡೀತದೇನು ಅಂತ ಕೇಳಾಕತ್ತಾರ.’

ಎರಡು ತಿನ್ನಲಿ ಎಂದು ಕಳಿಸಿದೆ. ಅಂಜಿಸಲಿಕ್ಕೆ ಊರಿಗೆ ಊರೇ ಇರುವಾಗ, ‘ಉಣ್ಣು’ ಎನ್ನಲಿಕ್ಕೆ ಒಬ್ಬಳಾದರೂ ಬೇಡವೇ?